ಮಾರ್ಚ್ 31 ಹೇಳದೇ ಬರುವುದಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ-ಕಾರಟಗಿ ಸೀಮೆಯ ಗದ್ದೆಗಳಲ್ಲಿ, ಭತ್ತದ ನಾಟಿಯ ದಿನಗಳು. ಒಂದು ಕಡೆಯ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ರೈತರು ಬೆಳೆಗೆಂದು ನಂಬಿ ಕೂತಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು.

ಮುಂದಿನ ಒಂದು ವಾರ ನಡೆದದ್ದು ಸಾಹಸವೇ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಗೇಟಿನ ಬದಲು ಇಳಿಸಿ ನೀರು ತಡೆಯಲು ಸಿದ್ಧವಾಗಿಟ್ಟುಕೊಂಡ ಸ್ಟಾಪ್‌ಲಾಗ್ ಇರಲಿಲ್ಲ. ಸುತ್ತಲಿನ ಕಾರ್ಖಾನೆಗಳಲ್ಲಿ ಹಗಲು-ರಾತ್ರಿ ಉಕ್ಕು ಕೊಯ್ದು, ಬೆಸೆದು, ತುಂಡು ತುಂಡಾಗಿ ಮಾಡಿಸಿದರು. ಹರಿಯುವ ನೀರಿನಲ್ಲಿಯೇ ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು. ಮರುದಿನದ ಹೊತ್ತಿಗೆ ಐದೂ ತುಂಡುಗಳು ಕೂತು ನೀರು ನಿಂತಿತು. ಜನ ಚಪ್ಪಾಳೆ ತಟ್ಟಿದರು, ಕಾರ್ಮಿಕರಿಗೆ ಬಹುಮಾನ ಸಿಕ್ಕಿತು. ಸಿಗಬೇಕಾದದ್ದೇ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಬಂದ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ, ಏಳು ದಶಕ ಹಳೆಯದಾದ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲಕ್ಕೆ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನವಾಯಿತು. ಗೇಟು ಬದಲಿಸುವ ಕೆಲಸಕ್ಕೆ ಅನುವಾಗಲೆಂದು ಆ ಸಾಲಿನ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಮೊದಲೇ ಆಗಬೇಕಾದ ಕೆಲಸ ಮುಂದಕ್ಕೆ ಹೋದರೆ ಅದರ ಬಿಲ್ಲು ಯಾರ ಮನೆಗೆ ಬರುತ್ತದೆ ಎಂಬುದಕ್ಕೆ ಕೊಪ್ಪಳ ಜಿಲ್ಲೆಗೆ ಬೇರೆ ಉದಾಹರಣೆ ಬೇಡ. ಬಿಲ್ಲು ಕಚೇರಿಗೆ ಬರಲಿಲ್ಲ, ಭತ್ತ ಬೆಳೆಯುವವನ ಮನೆಗೆ ಬಂತು.

ಇದು ಅಣೆಕಟ್ಟೆಯೊಂದರ ಕಥೆಯಷ್ಟೇ ಅಲ್ಲ. ಸರ್ಕಾರಿ ಕಚೇರಿ, ರೈಸ್ ಮಿಲ್ಲು, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ನಮ್ಮ ಕೆಲಸದ ಜಾಗ ಯಾವುದೇ ಇರಲಿ, ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತಿದೆ. ಗೇಟು ಮುರಿದಾಗ ಓಡಿಬಂದವರಿಗೆ ಸನ್ಮಾನ ಮಾಡುವುದು ನಮಗೆ ಗೊತ್ತು. ಮುರಿಯದಂತೆ ನೋಡಿಕೊಂಡವನನ್ನು ಗುರುತಿಸುವುದು ಗೊತ್ತಿಲ್ಲ. ಸದಾ ಗಡಿಬಿಡಿಯಲ್ಲಿರುವ ಕಚೇರಿ ಹುಟ್ಟುವುದೇ ಇಲ್ಲಿಂದ.

ಸಾದಾ ಕಡತ ಜರೂರು ಕಡತ ಆಗುವ ಬಗೆ

ತಾಲ್ಲೂಕು ಮಟ್ಟದ ಯಾವುದೇ ಕಚೇರಿಯಲ್ಲಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿ. ಕೇಸ್ ವರ್ಕರ್ ಇ-ಆಫೀಸ್ ತೆರೆದು ಹಳೆಯ ಅರ್ಜಿಯೊಂದನ್ನು ಮುಗಿಸಲು ಕೂತಿರುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬೀಳುತ್ತದೆ: ಅತಿ ಜರೂರು, ಮಧ್ಯಾಹ್ನ ಎರಡರೊಳಗೆ ಮಾಹಿತಿ ಕಳಿಸುವುದು. ಕೇಳಿದ್ದು ಹೋದ ತಿಂಗಳು ಕಳಿಸಿದ ಮಾಹಿತಿಯನ್ನೇ, ನಮೂನೆ ಮಾತ್ರ ಬೇರೆ. ಅಂಕಿಗಳನ್ನು ಹೊಸ ಕಾಲಂಗಳಿಗೆ ತುಂಬುವಷ್ಟರಲ್ಲಿ ವಿಡಿಯೊ ಕಾನ್ಫರೆನ್ಸಿಗೆ ಕರೆ. ಅದು ಮುಗಿದ ಮೇಲೆ ಅದರ ಅನುಪಾಲನಾ ವರದಿ. ಈ ನಡುವೆ ಯಲಬುರ್ಗಾದ ಯಾವುದೋ ಹಳ್ಳಿಯಿಂದ ಬಸ್ಸು ಹತ್ತಿ ಬಂದ ಅಜ್ಜ ಬಾಗಿಲಲ್ಲಿ ನಿಂತಿರುತ್ತಾನೆ.

"ಸಾಹೇಬ್ರ, ನಂದೊಂದು ಉತಾರದ ಕೆಲಸ ಇತ್ರಿ."

"ಇವತ್ತ ಆಗಾಂಗಿಲ್ಲ ಯಜಮಾನ್ರ. ಮ್ಯಾಲಿಂದ ಅರ್ಜೆಂಟ್ ಕೇಳ್ಯಾರ. ನಾಳೆ ಬರ್ರಿ."

ಅಜ್ಜನ ಕೆಲಸ ಇಂದು ಅರ್ಜೆಂಟಲ್ಲ, ಸರಿ. ಹತ್ತು ಸಲ ನಾಳೆ ಬರ್ರಿ ಅನ್ನಿಸಿಕೊಂಡ ಮೇಲೆ ಅದೂ ಅರ್ಜೆಂಟೇ. ಸಕಾಲದ ಗಡುವು ಮೀರುತ್ತದೆ, ಮೇಲಿನಿಂದ ವಿವರಣೆ ಕೇಳುತ್ತಾರೆ, ಜನಸ್ಪಂದನ ಸಭೆಯಲ್ಲಿ ದೂರು ಎದ್ದು ನಿಲ್ಲುತ್ತದೆ. ಆಗ ಅದೇ ಕಡತದ ಮೇಲೆ ಕೆಂಪು ಶಾಯಿಯ ಗೀಟು. ಇವತ್ತಿನ ತುರ್ತಿನಲ್ಲಿ ಬಹುಪಾಲು ಹೊರಗಿನಿಂದ ಬಂದದ್ದಲ್ಲ. ನಿನ್ನೆ ಬದಿಗಿಟ್ಟ ಸಾದಾ ಕೆಲಸವೇ ಕೂತು ಕೂತು ತುರ್ತಾಗಿರುತ್ತದೆ. ಅದನ್ನು ಮುಗಿಸಲು ಇವತ್ತಿನ ಸಾದಾ ಕೆಲಸವನ್ನು ಬದಿಗಿಡಬೇಕು. ಅದು ನಾಳೆಯ ತುರ್ತು.

ಅಮೆರಿಕದ ಎಂಐಟಿಯ ನೆಲ್ಸನ್ ರೆಪೆನಿಂಗ್ ಮತ್ತು ಜಾನ್ ಸ್ಟರ್ಮನ್ 2001ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದೇ ಸುಳಿಯನ್ನು ವಿವರಿಸುತ್ತದೆ. ಎಂದೂ ಬಾರದ ಸಮಸ್ಯೆಯನ್ನು ಬಗೆಹರಿಸಿದ್ದಕ್ಕೆ ಯಾರಿಗೂ ಹೆಸರು ಬರುವುದಿಲ್ಲ ಎಂಬುದು ಅದರ ತಲೆಬರಹದ ಸಾರ. ಕೆಲಸ ಹಿಂದೆ ಬಿದ್ದಾಗ ಸಂಸ್ಥೆಯ ಮುಂದೆ ಎರಡು ದಾರಿ. ಒಂದು, ಇದ್ದವರೇ ಇನ್ನಷ್ಟು ಹೊತ್ತು ದುಡಿಯುವುದು. ಇನ್ನೊಂದು, ಕೆಲಸ ಮಾಡುವ ರೀತಿಯನ್ನೇ ಸರಿಪಡಿಸುವುದು. ಮೊದಲನೆಯದಕ್ಕೆ ಇವತ್ತೇ ಫಲ ಸಿಗುತ್ತದೆ. ದುರಸ್ತಿ, ತರಬೇತಿ, ಪೂರ್ವತಯಾರಿಗೆ ಇಟ್ಟ ಹೊತ್ತನ್ನು ಕತ್ತರಿಸಿದರೆ ಆ ವಾರದ ಲೆಕ್ಕ ಚೆಂದ ಕಾಣುತ್ತದೆ. ಆರು ತಿಂಗಳಾದ ಮೇಲೆ ಯಂತ್ರ ನಿಲ್ಲುತ್ತದೆ, ಜನ ಸೋಲುತ್ತಾರೆ. ಆಗ ಮತ್ತಷ್ಟು ಹೊತ್ತು ದುಡಿಯುವುದೊಂದೇ ದಾರಿಯಾಗಿ ಉಳಿಯುತ್ತದೆ. ಗಡಿಬಿಡಿಯಲ್ಲಿ ದುಡಿಯುವವರು ಸೋಮಾರಿಗಳಲ್ಲ, ಅತಿ ಹೆಚ್ಚು ದುಡಿಯುವವರೇ ಅವರು. ಸಿಕ್ಕಿಬಿದ್ದಿರುವುದರಿಂದಲೇ ದುಡಿಯುತ್ತಿದ್ದಾರೆ.

ವರ್ಷದ ಕೊನೆಯ ಸಂತೆ

ಈ ಸುಳಿ ಕಣ್ಣಿಗೆ ರಾಚುವುದು ಮಾರ್ಚ್ ತಿಂಗಳಲ್ಲಿ. ಅನುದಾನ ವಾಪಸ್ ಹೋಗುತ್ತದೆಂಬ ಭಯಕ್ಕೆ ಕಚೇರಿಗಳಲ್ಲಿ ರಾತ್ರಿಯೆಲ್ಲ ದೀಪ. ಖಜಾನೆ-2ರಲ್ಲಿ ಬಿಲ್ಲು ಹಾಕಲು ಸರದಿ. ಗುತ್ತಿಗೆದಾರ ಅಳತೆ ಪುಸ್ತಕ ಹಿಡಿದು ಎಂಜಿನಿಯರ ಹಿಂದೆ, ಎಂಜಿನಿಯರು ಸಹಿಗಾಗಿ ಸಾಹೇಬರ ಹಿಂದೆ. ಬಿಸಿಲು ಏರಿದ ಹೊತ್ತಿನಲ್ಲಿ ಹಾಕಿದ ಕಾಂಕ್ರೀಟಿಗೆ ಸರಿಯಾಗಿ ನೀರುಣಿಸುವವರಿಲ್ಲ. ಖರೀದಿಯಾದ ಸಾಮಗ್ರಿ ಡಬ್ಬಿ ಬಿಚ್ಚದೆ ಗೋದಾಮು ಸೇರುತ್ತದೆ. ಹಣ ಖರ್ಚಾಗುತ್ತದೆ, ಕೆಲಸ ಆಗಿರುತ್ತದೆಂದು ಹೇಳಲಾಗದು.

ಮಾರ್ಚ್ 31 ಪ್ರವಾಹವಲ್ಲ, ಭೂಕಂಪವಲ್ಲ. ಏಪ್ರಿಲ್ 1ಕ್ಕೇ ಅದರ ತಾರೀಖು ಗೊತ್ತು. ಹಾಗಿದ್ದೂ ಯಾಕೆ ಹೀಗಾಗುತ್ತದೆ? ಒಬ್ಬರ ಅಜಾಗ್ರತೆ ಎಂದು ಬೆರಳು ತೋರಿಸುವುದು ಸುಲಭ. ನಿಜವಾದ ಕಾರಣ ಸರಪಳಿಯಲ್ಲಿದೆ. ಕ್ರಿಯಾ ಯೋಜನೆಗೆ ಅನುಮೋದನೆ ತಡವಾಗುತ್ತದೆ. ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು. ನಡುವೆ ಒಂದು ಚುನಾವಣೆ ಬಂದರೆ ನೀತಿ ಸಂಹಿತೆ. ಪ್ರತಿ ಕೊಂಡಿಯಲ್ಲಿ ವಾರಗಟ್ಟಲೆ ಜಾರಿದರೆ ಸಾಕು, ಜೂನ್‌ನಲ್ಲಿ ಶುರುವಾಗಬೇಕಾದ ಕೆಲಸ ಜನವರಿಗೆ ಬಂದು ನಿಲ್ಲುತ್ತದೆ. ಪ್ರತಿ ಕೊಂಡಿಯಲ್ಲೂ ಕೂತವರು ತಮ್ಮ ಪಾಲಿನ ಕೆಲಸ ಮಾಡಿದ್ದೇವೆಂದೇ ಹೇಳುತ್ತಾರೆ, ಸುಳ್ಳೂ ಅಲ್ಲ. ಇಡೀ ಸರಪಳಿಯನ್ನು ಒಂದು ಹಾಳೆಯ ಮೇಲೆ ಬರೆದು, ಮಾರ್ಚ್‌ನಿಂದ ಹಿಂದಕ್ಕೆ ತಿಂಗಳು ಎಣಿಸಿ, ಪ್ರತಿ ಕೊಂಡಿಗೂ ತಾರೀಖು ಕಟ್ಟಿದವರು ಇರುವುದಿಲ್ಲ ಅಷ್ಟೆ.

ಖಾಸಗಿಯವರು ಇದಕ್ಕೆ ಹೊರತಲ್ಲ. ಗಂಗಾವತಿಯ ರೈಸ್ ಮಿಲ್ಲುಗಳಿಗೆ ಸುಗ್ಗಿಯ ಕಾಲ ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ. ಕೊಯ್ಲು ಮುಗಿದು ಟ್ರ್ಯಾಕ್ಟರುಗಳು ಸಾಲುಗಟ್ಟುವ ಮುಂಚೆ ರಬ್ಬರ್ ರೋಲು ಬದಲಿಸಿ, ಎಲಿವೇಟರ್ ಬೆಲ್ಟು ಬಿಗಿಮಾಡಿ, ಜರಡಿ ತೊಳೆದು, ಬಾಯ್ಲರ್ ಇದ್ದರೆ ತಪಾಸಣೆ ಮಾಡಿಸಿಟ್ಟುಕೊಂಡ ಮಿಲ್ಲು ಸುಗ್ಗಿಯಲ್ಲಿ ಸದ್ದಿಲ್ಲದೆ ಓಡುತ್ತದೆ. ನಡೀತದ ಬಿಡು ಎಂದವರ ಮಿಲ್ಲು ಸರಿಯಾಗಿ ಡಿಸೆಂಬರಿನಲ್ಲಿ ನಿಲ್ಲುತ್ತದೆ. ಹಮಾಲರಿಗೆ ಕೆಲಸವಿಲ್ಲ, ಹಸಿ ಭತ್ತ ರಾಶಿಯಲ್ಲೇ ಬಿಸಿಯಾಗುತ್ತದೆ, ಮಾಲೀಕ ಬಿಡಿಭಾಗಕ್ಕೆ ಫೋನು ಹಿಡಿದು ಊರೆಲ್ಲ ಹುಡುಕುತ್ತಾನೆ.

ಜಿಲ್ಲೆಯ ಇನ್ನೊಂದು ಅನುಭವ 2025ರ ಮುಂಗಾರಿನದು. ಮಳೆ ಬೇಗ ಬಂತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಿತು, ಯೂರಿಯಾಕ್ಕಾಗಿ ರೈತರು ನಸುಕಿನಿಂದಲೇ ಅಂಗಡಿಗಳ ಮುಂದೆ ಸಾಲು ನಿಂತರು. ಕೊರತೆಗೆ ಕಾರಣ ಯಾರೆಂದು ಕೇಂದ್ರ-ರಾಜ್ಯಗಳ ನಡುವೆ ವಾದವೂ ಆಯಿತು. ಆ ವಾದ ಏನೇ ಇರಲಿ, ಬಿತ್ತನೆಯ ಅಂಕಿ ಪ್ರತಿ ವಾರ ಕೃಷಿ ಇಲಾಖೆಯ ಕೈಗೆ ಬರುತ್ತದೆ; ಯಾವ ಬೆಳೆಗೆ ಬಿತ್ತಿದ ಎಷ್ಟು ದಿನಕ್ಕೆ ಮೇಲುಗೊಬ್ಬರ ಬೇಕೆಂದು ರೈತನಿಗೂ ಗೊತ್ತು, ಇಲಾಖೆಗೂ ಗೊತ್ತು. ಅಂಕಿ ಇದ್ದರೆ ಸಾಲದು. ಅದನ್ನು ಮುಂದಿನ ತಿಂಗಳ ಪ್ರಶ್ನೆಯಾಗಿ ಓದುವ ಅಭ್ಯಾಸ ಬೇಕು.

ಗವಿಮಠದ ರೊಟ್ಟಿ ಹೇಳುವ ಪಾಠ

ಹಾಗಾದರೆ ಮುಂಚೆಯೇ ಯೋಚಿಸಿ ಮಾಡುವ ಗುಣ ಈ ಸೀಮೆಯ ಜನಕ್ಕೆ ಇಲ್ಲವೇ? ಇದೆ. ಅದನ್ನು ನೋಡಲು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಬೇಕು, ರಥೋತ್ಸವದ ದಿನಕ್ಕಲ್ಲ, ಅದಕ್ಕೂ ಕೆಲವು ವಾರ ಮೊದಲು.

ಪುಷ್ಯ ಬಹುಳ ಬಿದಿಗೆಯಂದು ಮಹಾರಥೋತ್ಸವ. 2024ರಲ್ಲಿ ಅದು ಜನವರಿ 27ಕ್ಕೆ ಬಂತು, 2025ರಲ್ಲಿ 15ಕ್ಕೆ, 2026ರಲ್ಲಿ 5ಕ್ಕೆ. ಎರಡು ವರ್ಷದಲ್ಲಿ ತಾರೀಖು 22 ದಿನ ಹಿಂದಕ್ಕೆ ಸರಿದರೂ ಯಾರೂ ಗಾಬರಿಯಾಗಲಿಲ್ಲ. ಯಾಕೆಂದರೆ ಎಲ್ಲರೂ ಪಂಚಾಂಗ ನೋಡಿದ್ದರು. ಲಕ್ಷಗಟ್ಟಲೆ ಜನ ಬರುವ ಜಾತ್ರೆ. ದಾಸೋಹದ ಪಂಕ್ತಿ ತೇರಿನ ದಿನಕ್ಕೆ ಮುಗಿಯದೆ ಅಮಾವಾಸ್ಯೆಯವರೆಗೆ ನಡೆಯುತ್ತದೆ. ಇಷ್ಟು ಜನಕ್ಕೆ ಬಿಸಿ ರೊಟ್ಟಿ ತಟ್ಟಿ ಬಡಿಸುತ್ತೇವೆಂದು ಹೊರಟರೆ ಯಾವ ಅಡುಗೆಮನೆಯೂ ಸಾಲದು.

ಅದಕ್ಕೇ ರೊಟ್ಟಿ ಮೊದಲೇ ಆಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಂದೆಡೆ ಕೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಹಂಚಿನಿಂದ ಇಳಿಸಿದ್ದನ್ನು ಆರಹಾಕಿ ಕಟಕ ಮಾಡುತ್ತಾರೆ. ಹೀಗೆ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಟ್ರ್ಯಾಕ್ಟರು ಸಿಂಗರಿಸಿ, ಭಜನೆ ಹೇಳುತ್ತ ಊರಿಗೆ ಊರೇ ಅದನ್ನು ಮಠಕ್ಕೆ ಮುಟ್ಟಿಸುತ್ತದೆ. ಮಾದಲಿಯಂಥ, ಇಟ್ಟರೂ ಹಾಳಾಗದ ಸಿಹಿಯೂ ಮುಂಚೆಯೇ ತಯಾರು. ಅನ್ನ-ಸಾರು ಮಾತ್ರ ಆಯಾ ದಿನದ್ದು. ಮಿರ್ಚಿ ಬಜಿ ಹಾಕುವ ದಿನ ಮೆಣಸಿನಕಾಯಿ, ಕಡಲೆಹಿಟ್ಟು, ಎಣ್ಣೆ ಮೊದಲೇ ಬಂದು ಬಿದ್ದಿರುತ್ತವೆ. ಕರಿಯುವವರು, ಬಡಿಸುವವರು, ಎಲೆ ಎತ್ತುವವರು ಬೇರೆ ಬೇರೆ ತಂಡ.

ಭಕ್ತಿಯನ್ನು ಬದಿಗಿಟ್ಟು ಬರೀ ಕೆಲಸದ ರೀತಿ ನೋಡಿದರೂ ಕಲಿಯುವುದು ಸಾಕಷ್ಟಿದೆ. ತಿಥಿ ಕದಲುವುದಿಲ್ಲ, ಆದ್ದರಿಂದ ಲೆಕ್ಕ ಆ ದಿನದಿಂದ ಹಿಂದಕ್ಕೆ ಓಡುತ್ತದೆ. ಮೊದಲೇ ಮಾಡಿಡಬಹುದಾದ ಕೆಲಸ ಯಾವುದು, ಅಂದೇ ಮಾಡಬೇಕಾದ್ದು ಯಾವುದು ಎಂಬ ವಿಂಗಡಣೆ ಸ್ಪಷ್ಟವಾಗಿದೆ. ಕೆಲಸ ಒಬ್ಬರ ತಲೆಮೇಲೆ ಬೀಳದೆ ಊರುಗಳಿಗೆ ಹಂಚಿಹೋಗಿದೆ. ಅದಕ್ಕಿಂತ ಮುಖ್ಯವಾಗಿ, ರೊಟ್ಟಿ ಬಡಿದವರಿಗೆ ಮೆರವಣಿಗೆಯ ಗೌರವವಿದೆ. ತಯಾರಿ ಅಲ್ಲಿ ಮರೆಯಲ್ಲಿ ಮಾಡುವ ಕೆಲಸವಲ್ಲ, ಅದೂ ಜಾತ್ರೆಯೇ. ಒಬ್ಬ ಕಚೇರಿ ಮುಖ್ಯಸ್ಥ ಇಷ್ಟನ್ನು ತನ್ನ ಕಚೇರಿಗೆ ತಂದರೂ ಅರ್ಧ ಗಡಿಬಿಡಿ ಇಳಿಯುತ್ತದೆ.

ಒಂದು ಕೋಣೆ ಖಾಲಿ ಇರಲಿ

ಯೋಜನೆ ಮಾಡಿದವರೂ ಸೋಲುವ ಜಾಗ ಒಂದಿದೆ. ದಿನದ ಎಂಟು ಗಂಟೆಗೆ ಎಂಟು ಗಂಟೆಯ ಕೆಲಸ ತುಂಬುವುದು. ಹೊರಗಿನಿಂದ ಒಂದು ಕೆಲಸ ಬಂದರೂ ಇಡೀ ಪಟ್ಟಿ ಕುಸಿಯುತ್ತದೆ.

ಅಮೆರಿಕದ ಮಿಸೌರಿಯ ಸೇಂಟ್ ಜಾನ್ಸ್ ಆಸ್ಪತ್ರೆಯ ಉದಾಹರಣೆ ಇಲ್ಲಿ ನೆನೆಯಬೇಕಾದ್ದು. ಸೆಂದಿಲ್ ಮುಲ್ಲೈನಾಥನ್ ಮತ್ತು ಎಲ್ದಾರ್ ಶಫೀರ್ ತಮ್ಮ 2013ರ ಪುಸ್ತಕದಲ್ಲಿ ಅದನ್ನು ಹೇಳಿದ್ದಾರೆ. ಅಲ್ಲಿ 32 ಶಸ್ತ್ರಚಿಕಿತ್ಸೆ ಕೋಣೆಗಳಿದ್ದವು, ಎಲ್ಲವೂ ಸದಾ ಭರ್ತಿ. ಅಪಘಾತದ ರೋಗಿ ಬಂದರೆ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕು, ವೈದ್ಯರು ರಾತ್ರಿಯವರೆಗೆ ನಿಲ್ಲಬೇಕು. ಸಲಹೆಗಾರನೊಬ್ಬ ಒಂದು ಕೋಣೆಯನ್ನು ತುರ್ತಿಗೆಂದೇ ಖಾಲಿ ಬಿಡಿ ಎಂದ. ಇದ್ದದ್ದೇ ಸಾಲದು, ಮತ್ತೆ ಒಂದು ಬಿಡುವುದೇ ಎಂದು ಎಲ್ಲರೂ ಹುಬ್ಬೇರಿಸಿದರು. ಬಿಟ್ಟು ನೋಡಿದಾಗ ಒಟ್ಟು ಶಸ್ತ್ರಚಿಕಿತ್ಸೆಗಳ ಸಂಖ್ಯೆ ಶೇ 5ರಷ್ಟು ಏರಿತು. ಮಧ್ಯಾಹ್ನ ಮೂರರ ನಂತರದವು ಶೇ 45ರಷ್ಟು ಇಳಿದವು. ಕೋಣೆಗಳ ಸಂಖ್ಯೆ ಕಡಿಮೆ ಇದ್ದದ್ದೇ ತೊಂದರೆಯ ಮೂಲವಾಗಿರಲಿಲ್ಲ. ಬರುವುದು ಖಚಿತ, ಯಾವಾಗ ಎಂಬುದಷ್ಟೇ ಅನಿಶ್ಚಿತವಾದ ಕೆಲಸಕ್ಕೆ ಜಾಗ ಇಟ್ಟಿರದೇ ಇದ್ದದ್ದು ತೊಂದರೆ.

ತಾಲ್ಲೂಕು ಕಚೇರಿಯಲ್ಲಿ ಈ ಖಾಲಿ ಕೋಣೆ ಎಂದರೆ ಮಧ್ಯಾಹ್ನದ ಒಂದು ಗಂಟೆ ಇರಬಹುದು. ಮೇಲಿನಿಂದ ಬರುವ ಮಾಹಿತಿ ಕೋರಿಕೆಗಳಿಗೆ ಆ ಹೊತ್ತು, ಆ ಕೆಲಸಕ್ಕೊಬ್ಬ ನೌಕರ, ಸರದಿಯ ಮೇಲೆ. ಉಳಿದವರು ತಮ್ಮ ಕಡತ ಬಿಡುವ ಹಾಗಿಲ್ಲ. ಮಿಲ್ಲಿನಲ್ಲಾದರೆ ಹೆಚ್ಚು ಸವೆಯುವ ಬಿಡಿಭಾಗದ ಒಂದು ಜೊತೆ ಸದಾ ಗೋದಾಮಿನಲ್ಲಿ. ಶಾಲೆಯಲ್ಲಾದರೆ ಪಾಠದ ವೇಳಾಪಟ್ಟಿಯಲ್ಲಿ ತಿಂಗಳಿಗೆ ನಾಲ್ಕು ದಿನ ತುಂಬದೆ ಬಿಟ್ಟದ್ದು.

ಶುರು ಎಲ್ಲಿಂದ?

ಅಭ್ಯಾಸ ಭಾಷಣದಿಂದ ಬದಲಾಗದು, ಸಣ್ಣ ನಿಯಮಗಳಿಂದ ಬದಲಾಗುತ್ತದೆ.

ಮೊದಲನೆಯದು, ಗೋಡೆಯ ಮೇಲೆ ವರ್ಷದ ಹಾಳೆ. ಹನ್ನೆರಡು ತಿಂಗಳ ಮನೆ ಬರೆದು, ತಾರೀಖು ಗೊತ್ತಿರುವ ಕೆಲಸಗಳನ್ನೆಲ್ಲ ತುಂಬುವುದು: ಲೆಕ್ಕಪರಿಶೋಧನೆ, ಪರೀಕ್ಷೆ, ಬಿತ್ತನೆ, ಜಾತ್ರೆ, ಅಂಜನಾದ್ರಿಯ ಹನುಮಮಾಲೆ, ಅಧಿವೇಶನದ ಪ್ರಶ್ನೆಗಳು, ಪರವಾನಗಿ ನವೀಕರಣ. ತುಂಬಿದ ಮೇಲೆ ಗೊತ್ತಾಗುತ್ತದೆ, ನಾವು ತುರ್ತು ಎಂದು ಕರೆಯುವ ಮುಕ್ಕಾಲು ಕೆಲಸದ ತಾರೀಖು ವರ್ಷದ ಮೊದಲೇ ತಿಳಿದಿತ್ತು ಎಂದು.

ಎರಡನೆಯದು, ವಾರಕ್ಕೊಮ್ಮೆ ಅರ್ಧ ಗಂಟೆ. ನಮ್ಮ ಪರಿಶೀಲನಾ ಸಭೆಗಳಲ್ಲಿ ಕೇಳುವುದೆಲ್ಲ ಹಿಂದಿನದೇ: ಎಷ್ಟು ಖರ್ಚಾಯಿತು, ಯಾಕೆ ಆಗಲಿಲ್ಲ, ಯಾರು ಹೊಣೆ. ಈ ಅರ್ಧ ಗಂಟೆಯಲ್ಲಿ ಕೇಳಬೇಕಾದ್ದು ಒಂದೇ. ಇನ್ನು ಆರು ವಾರಕ್ಕೆ ಬರುವುದೇನು, ಅದಕ್ಕಾಗಿ ಈ ವಾರ ಮಾಡಬೇಕಾದ್ದೇನು?

ಮೂರನೆಯದು, ಅತಿ ಜರೂರು ಎಂದು ಬರೆಯುವ ಅಧಿಕಾರಕ್ಕೆ ಬೇಲಿ. ಹಾಗೆ ಬರೆಯುವವರು ಯಾಕೆ ಜರೂರು, ಯಾವಾಗ ತಿಳಿಯಿತು ಎಂಬ ಎರಡು ಸಾಲನ್ನೂ ಬರೆಯಬೇಕು. ತಮ್ಮ ಮೇಜಿನ ಮೇಲೆ ಹತ್ತು ದಿನ ಇಟ್ಟುಕೊಂಡ ಪತ್ರವನ್ನು ಕೆಳಗಿನವರಿಗೆ ಎರಡು ಗಂಟೆಯ ಗಡುವಿನೊಂದಿಗೆ ದಾಟಿಸುವವರಿಗೆ ಈ ಎರಡು ಸಾಲು ಬರೆಯುವುದು ಕಷ್ಟವಾಗುತ್ತದೆ. ಆಗಲಿ.

ನಾಲ್ಕನೆಯದು, ವರ್ಗಾವಣೆಯ ಸಂದರ್ಭ. ಅಧಿಕಾರಿ ಬದಲಾದೊಡನೆ ಯೋಜನೆಯೂ ಬದಲಾಗುವುದು ನಮ್ಮ ದೊಡ್ಡ ರೋಗ. ಪ್ರಭಾರ ವಹಿಸಿಕೊಡುವಾಗ ಕುರ್ಚಿ, ಕಪಾಟಿನ ಪಟ್ಟಿಯ ಜೊತೆಗೆ ಮುಂದಿನ ಮೂರು ತಿಂಗಳ ಕೆಲಸದ ಪಟ್ಟಿಯೂ ಕೈಬದಲಾಗಲಿ.

ಕೊನೆಯದು ಮತ್ತು ಕಷ್ಟದ್ದು, ಮೆಚ್ಚುಗೆ ಯಾರಿಗೆ ಎಂಬ ಪ್ರಶ್ನೆ. ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲಿ ಕಾಣುವವನು ದಕ್ಷ, ಐದೂವರೆಗೆ ಕೆಲಸ ಮುಗಿಸಿ ಹೊರಡುವವನು ಅಷ್ಟಕ್ಕಷ್ಟೆ ಎಂಬ ಎಣಿಕೆ ಇರುವವರೆಗೆ ಯಾರೂ ಮುಂಚಿತವಾಗಿ ಕೆಲಸ ಮಾಡುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕಿ ಗಟ್ಟಿಮಾಡಿದ ಯಜಮಾನನನ್ನು ಮಳೆ ಬಂದ ರಾತ್ರಿ ಯಾರೂ ಹೊಗಳುವುದಿಲ್ಲ, ಯಾಕೆಂದರೆ ಸೋರಿದರೆ ತಾನೇ ಮಾತು. ಕಚೇರಿಯಲ್ಲಿ ಇಂಥ ಯಜಮಾನರನ್ನು ಹುಡುಕಿ, ಹೆಸರು ಹಿಡಿದು ಹೇಳುವುದು ಮುಖ್ಯಸ್ಥನ ಕೆಲಸ.

ಇಷ್ಟಾದರೂ ತುರ್ತು ತೀರುವುದಿಲ್ಲ ನಿಜ. ಹೊಳೆ ಉಕ್ಕುತ್ತದೆ, ಬಸ್ಸು ಪಲ್ಟಿಯಾಗುತ್ತದೆ, ರೋಗ ಹಬ್ಬುತ್ತದೆ. ಅಂಥ ಹೊತ್ತಿನಲ್ಲಿ ಊಟ-ನಿದ್ದೆ ಬಿಟ್ಟು ದುಡಿಯುವ ಜನ ಈ ಜಿಲ್ಲೆಯಲ್ಲಿದ್ದಾರೆ, 2024ರ ಆಗಸ್ಟ್ ಅದನ್ನು ತೋರಿಸಿದೆ. ಆ ಶಕ್ತಿಯನ್ನು ನಮೂನೆ ತುಂಬುವುದಕ್ಕೂ ಮಾರ್ಚ್ ಬಿಲ್ಲಿಗೂ ಸುರಿದು ಮುಗಿಸಿದರೆ ನಿಜವಾದ ಆಪತ್ತಿಗೆ ಉಳಿಯುವುದೇನು? ಮುಂಚಿತ ಯೋಜನೆ ಬೇಕಿರುವುದು ನಿಧಾನವಾಗಿ ಕೆಲಸ ಮಾಡಲಿಕ್ಕಲ್ಲ, ಓಡಬೇಕಾದಾಗ ಓಡುವ ಕಾಲು ಉಳಿಸಿಕೊಳ್ಳಲಿಕ್ಕೆ.

ಮೇಲಿನವರು ಬದಲಾಗಲಿ, ಆಮೇಲೆ ನಾವು ಎನ್ನುವುದು ಎಲ್ಲರ ಉತ್ತರ. ಮೇಲಿನವರಿಗೂ ಮೇಲಿನವರಿದ್ದಾರೆ, ಹಾಗೆ ಕಾದರೆ ಸರದಿ ಬರುವುದಿಲ್ಲ. ನಾಲ್ಕು ಜನರ ಅಂಗಡಿಯಾದರೂ ಸರಿ, ನಲವತ್ತು ಜನರ ಕಚೇರಿಯಾದರೂ ಸರಿ, ನಿಮ್ಮ ಕೈಕೆಳಗಿನವರಿಗೆ ನೀವೇ ಮೇಲಿನವರು. ಬರುವ ಸೋಮವಾರ ಒಂದು ಹಾಳೆ ತೆಗೆದುಕೊಳ್ಳಿ, ಮುಂದಿನ ಆರು ವಾರದ ಕೆಲಸ ಬರೆಯಿರಿ, ಪ್ರತಿ ಕೆಲಸದ ಎದುರು ಒಬ್ಬರ ಹೆಸರು ಮತ್ತು ತಾರೀಖು ಹಾಕಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿ. ಆಮೇಲೆ ಆ ಹಾಳೆಯನ್ನು ಮೊದಲು ಮುರಿಯುವವರು ನೀವಾಗಬೇಡಿ.